ಬಾಯಿಗೆ ಬೇಡವೆಂದಿದ್ದ ಝಂಝಂ

ದೀನೀ ಸಹೋದರಿಯರೇ, ಸಲಾಂ. ನಮ್ಮ ಮನೆಗೆ ಬಂದ ಕಷ್ಟವನ್ನೂ ಅದರಲ್ಲಿ ಅಲ್ಲಾಹನು ತೋರಿದ ದಾರಿಯನ್ನೂ ನಿಮಗೆ ಹೇಳಬೇಕೆಂದು ಬರೆಯುತ್ತಿದ್ದೇನೆ.

ಕಳೆದ ಬಕ್ರೀದ್ ಮುಗಿದ ವಾರ ಇಲ್ಲಿ ಸೌದಿಯ ಅಲ್ ಖೋಬರಿನಲ್ಲಿ ನನ್ನ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ನುಂಗುವ ಶಕ್ತಿ ಹೋಯಿತು. ಮೂಗಿನಿಂದ ಹಾಕಿದ ಟ್ಯೂಬನ್ನು ಕಿತ್ತು ಬಿಸಾಡುತ್ತಿದ್ದರು. ಹೊಟ್ಟೆಗೇ ನೇರವಾಗಿ ಟ್ಯೂಬ್ ಹಾಕಬೇಕು, ಬಾಯಿಗೆ ಹನಿ ನೀರೂ ಕೂಡದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಡಾಕ್ಟರ್ ನನಗೂ ಭಾವನಿಗೂ ಒಟ್ಟಿಗೇ ಹೇಳಿದರು. ಭಾವ ಎಂದರೆ ಯಜಮಾನರ ಅಣ್ಣ, ಜುಬೈಲಿನಲ್ಲಿ ಕೆಲಸ. ಈ ದೇಶದಲ್ಲಿ ನಮಗೆ ಹತ್ತಿರದವರೆಂದರೆ ಅವರೊಬ್ಬರೇ. ರಜೆ ಹಾಕಿ ಬಂದು, "ಮಧ್ಯಾಹ್ನ ನಾನು ಕೂತ್ಕೊಳ್ತೇನೆ, ನೀನು ಹೋಗಿ ಮಕ್ಕಳಿಗೆ ಊಟ ಕೊಡು" ಎಂದರು. ನಂಬಿ ಹೋದೆ.

ಟ್ಯೂಬ್ ಹಾಕುವ ಹಿಂದಿನ ದಿನ ಯಜಮಾನರ ಮೈ ಕೆಂಡವಾಯಿತು. ನ್ಯುಮೋನಿಯಾ. ಹಾಸಿಗೆ ಸರಿಪಡಿಸುತ್ತಿದ್ದ ಮಲಯಾಳಿ ನರ್ಸ್ ದಿಂಬಿನ ಕೆಳಗಿನಿಂದ ಮಕ್ಕಾದ ಪವಿತ್ರ ಝಂಝಂ ನೀರಿನ ಸಣ್ಣ ಬಾಟಲಿ, ಚಮಚ ತೆಗೆದು ನನ್ನ ಮುಖ ನೋಡಿದರು.

ಭಾವನನ್ನು ಕೇಳಿದೆ.

"ಝಂಝಂ ಅಲ್ವಾ ಮಾರಾಯ್ತಿ, ಶಿಫಾ ಇರುವ ನೀರು, ರೋಗ ಗುಣ ಮಾಡ್ತದೆ. ಅದರಿಂದ ಎಂತ ಆಗ್ತದೆ? ತಮ್ಮ ಬಾಯಾರಿ ಸಾಯುದು ನೋಡ್ಲಿಕ್ಕೆ ಆಗುದಿಲ್ಲ ನನಗೆ."

ಅಷ್ಟೇ ಅಲ್ಲ, ನಾನು ಗಂಡನನ್ನು ಉಪವಾಸ ಕೆಡವಿ ಹೊಟ್ಟೆ ಕೊಯ್ಯಿಸುತ್ತಿದ್ದೇನೆಂದು ಊರಿಗೂ ಫೋನ್ ಮಾಡಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆಸ್ಪತ್ರೆಯ ನಮಾಝ್ ಕೋಣೆಯಲ್ಲಿ ಹಣೆ ನೆಲಕ್ಕಿಟ್ಟು ಸುಜೂದಿಗೆ ಬಿದ್ದು, "ಯಾ ಅಲ್ಲಾಹ್, ಮನುಷ್ಯರನ್ನು ನಂಬಿದ್ದು ಸಾಕು. ಇವರ ಅನ್ನದ ದಾರಿ ನೀನೇ ತೆರೆ" ಎಂದು ಬೇಡಿದೆ.

ಡಾಕ್ಟರ್ ಆಸೆ ಬಿಟ್ಟವರಂತೆ ಮಾತನಾಡಿದ ಮರುದಿನವೇ ಜ್ವರ ಇಳಿಯತೊಡಗಿತು. ಮುಂದೆ ಟ್ಯೂಬ್ ಹಾಕಿದರು. ಭಾವ ಹೆದರಿಸಿದಂತೆ ಕೊಯ್ದು ಹಾಕಲಿಲ್ಲ, ಸಣ್ಣದೊಂದು ತೂತು. ಟ್ಯೂಬಿಗೆ ನೀರು ಹಾಕುವುದನ್ನು ಕಲಿಸುತ್ತಾ ನರ್ಸ್, "ಚೇಚೀ, ಇದ್ರಲ್ಲಿ ಝಂಝಂ ಹಾಕಬಹುದು. ಡಾಕ್ಟರ್ ಹತ್ರ ಕೇಳಿದ್ದೇನೆ" ಎಂದರು. ಹಾಗೆ ಕೇಳಿ ನೋಡಿ ಎಂದು ನಾನು ಹೇಳಿರಲೇ ಇಲ್ಲ. ಬಿಸ್ಮಿಲ್ಲಾ ಹೇಳಿ ಸಿರಿಂಜಿನಲ್ಲಿ ಝಂಝಂ ಹಾಕಿದೆ. ಈಗ ಯಜಮಾನರ ಕೆನ್ನೆ ತುಂಬಿದೆ, ಕೈ ಹಿಡಿದರೆ ಎದ್ದು ಕೂರುತ್ತಾರೆ. ಅಲ್ ಹಮ್ದುಲಿಲ್ಲಾಹ್.

ಮೊನ್ನೆ ಭಾವ ಬಂದಿದ್ದರು. "ನೋಡಿದಿಯಾ, ನಾನು ಕೊಟ್ಟ ಝಂಝಂ ಕೆಲಸ ಮಾಡಿತು" ಎಂದರು. ಜುಬೈಲಿನ ಮಸೀದಿಯಲ್ಲೂ ಹಾಗೆಯೇ ಹೇಳುತ್ತಿದ್ದಾರಂತೆ. ನಾನು ಚಹಾ ಕೊಟ್ಟು ಯಜಮಾನರ ಬಳಿ ಹೋಗಿ ಕೂತೆ.

ಅಲ್ಲಾಹನ ಮೇಲಿನ ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ಭಾವನನ್ನು ಕ್ಷಮಿಸಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಕ್ಷಮಿಸುವ ಮನಸ್ಸು ಕೊಡು ಎಂಬ ದುಆ, ಯಜಮಾನರಿಗಾಗಿ ಬೇಡಿದಷ್ಟು ಸುಲಭವಾಗಿ ನಾಲಗೆಗೆ ಬರುವುದಿಲ್ಲ. ಇದನ್ನು ಓದಿದವರು ನನ್ನ ಪರವಾಗಿ ಅದನ್ನೊಂದು ಕೇಳಿ.