ಮುಚ್ಚಳದ ಮೇಲೆ ಬರೆದ ನಂಬರು

ಇದು ನಡೆದದ್ದೇ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನಿಜ. ಆದರೂ ಆ ರಾತ್ರಿ ಬರೀ ಕನಸಾಗಿದ್ದರೆ ನನಗೇ ಒಳ್ಳೆಯದಿತ್ತು...

ತೊಂಬತ್ತೊಂದರಲ್ಲಿ ವಿಲೆ ಪಾರ್ಲೆಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಚೇಳಿನ ವಿಷಗ್ರಂಥಿಯಲ್ಲಿ ರೋಗಾಣುಗಳನ್ನು ಕೊಲ್ಲುವ ಪ್ರೋಟೀನುಗಳಿವೆ; ಅವು ಯಾವ ಜೀನಿನಿಂದ ಬರುತ್ತವೆಂದು ಹುಡುಕುವುದು ನನ್ನ ಕೆಲಸ. ಒಂದೊಂದು ಜೀನಿನ ಪ್ರೋಟೀನನ್ನು ಒಂದೊಂದು ಗಾಜಿನ ಪ್ಲೇಟಿನಲ್ಲಿ, ಬೆಳೆಯುವ ಬ್ಯಾಕ್ಟೀರಿಯಾದ ಮೇಲೆ ಹಾಕುತ್ತಿದ್ದೆ. ಅವು ಸತ್ತ ಕಡೆ ತಿಳಿಯಾದ ವೃತ್ತ ಮೂಡುತ್ತಿತ್ತು.

ನಂಬರನ್ನು ಪ್ಲೇಟಿನ ತಳಕ್ಕೆ ಬರೆಯಬೇಕು. ನಾನು ಅವಸರದಲ್ಲಿ ಮುಚ್ಚಳದ ಮೇಲೆ ಬರೆಯುತ್ತಿದ್ದೆ. ತಲೆಗೆ ಸದಾ ತೆಂಗಿನೆಣ್ಣೆ ಹಚ್ಚುತ್ತಿದ್ದ ಅಟೆಂಡರ್ ವಾಸಣ್ಣ, ಕಾರ್ಕಳದ ಕಡೆಯವರು, ನಾನು ಬರೆಯುವುದನ್ನು ನೋಡಿ ನಗುತ್ತಿದ್ದರು.

"ಮುಚ್ಚಳ ಊರೂರು ತಿರುಗ್ತದೆ ಮಾರಾಯ್ರೆ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಸಕ್ಕರೆ ಮುಚ್ಚಳ. ಚಾ ಕುಡಿದವನಿಗೇ ಗೊತ್ತು."

ಹಾಗೇ ಆಯಿತು. ಏನೂ ಹಾಕದ ಪ್ಲೇಟಿನ ಮುಚ್ಚಳದಡಿ ವೃತ್ತ ಬಂತು. ಪ್ಲೇಟು ಯಾರು ಮುಟ್ಟಿದ್ದು ಎಂದು ನನ್ನ ಗೈಡ್ ಸರ್ ಕೇಳಿದರು. ಬೆಳಿಗ್ಗೆ ವಾಸಣ್ಣ ಅಲ್ಲಿ ಫಿನಾಯಿಲ್ ಹಾಕಿ ಒರೆಸುತ್ತಿದ್ದರು ಎಂದೆ. ಒರೆಸಿದ್ದು ನಿಜವೇ. ನಾನು ಅಷ್ಟೇ ಹೇಳಿದ್ದು... ವಾಸಣ್ಣ ಟೆಂಪರರಿ. ನಾಳೆಯಿಂದ ಬರಬೇಡ ಎಂದರು ಸರ್.

ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇರ್ಲಿ ಬಿಡಿ. ನಿಮ್ಮ ಥೀಸಿಸ್ ಉಂಟಲ್ಲ."

ತಿಂಗಳಾದ ಮೇಲೆ ಒಂದು ರಾತ್ರಿ. ಕೊನೆಯ ಲೋಕಲ್ ರೈಲು ತಪ್ಪಿ, ಮುಲುಂಡ್‌ನ ರೂಮಿಗೆ ಹೋಗಲಾಗದೆ ಲ್ಯಾಬಿನಲ್ಲೇ ಮಲಗಿದ್ದೆ. ಸಂಜೆಯೇ ಹನ್ನೆರಡು ಪ್ಲೇಟುಗಳನ್ನು ಇನ್‌ಕ್ಯುಬೇಟರಿನಲ್ಲಿ ಬೋರಲು ಇಟ್ಟಾಗಿತ್ತು. ಹೇಳಲು ನಾಚಿಕೆ, ನಂಬರು ಮತ್ತೆ ಮುಚ್ಚಳದ ಮೇಲೆಯೇ.

ಬೆಳಗಿನ ಜಾವ ಎಚ್ಚರವಾಯಿತು. ಗಾಜನ್ನು ಏನೋ ಕೆರೆಯುತ್ತಿತ್ತು. ಕರ್ರ್... ಕರ್ರ್...

ಚೇಳುಗಳಿರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ಅವನ್ನು ಇಡುತ್ತಿದ್ದ ಜಾಡಿಗಳು ಖಾಲಿ. ಕೊನೆಯ ಚೇಳಿನ ಕೊಂಡಿಯನ್ನು ಆ ವಾರ ನಾನೇ ಕತ್ತರಿಸಿದ್ದೆ.

ಹಸಿ ಫಿನಾಯಿಲ್ ವಾಸನೆ. ಅದರೊಳಗೆ ತೆಂಗಿನೆಣ್ಣೆಯದು.

"ಕೌನ್ ಹೈ?" ಎಂದೆ.

ಸದ್ದು ನಿಂತಿತು.

ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಮೇಲ್ಮುಖವಾಗಿದ್ದ ತಳಗಳ ಮೇಲೆಲ್ಲ ಕೆಂಪು ಮೇಣದ ಪೆನ್ಸಿಲಿನಲ್ಲಿ ಬರೆದಿತ್ತು... ೧, ೨, ೩... ಆ ಲ್ಯಾಬಿನಲ್ಲಿ ಕನ್ನಡ ಅಂಕಿ ಬರೆಯಬಲ್ಲವರು ಇಬ್ಬರೇ ಇದ್ದದ್ದು. ನಾನು, ಮತ್ತೆ ಅವರು.

ವೃತ್ತ ಬಂದಿದ್ದ ಪ್ಲೇಟು ಎತ್ತಿದೆ. ಮುಚ್ಚಳದಲ್ಲಿ ನನ್ನ 7. ತಳದಲ್ಲಿ ೪.

ತಳದ ನಂಬರುಗಳನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಹನ್ನೆರಡನ್ನೂ ಒರೆಸಿದೆ. ಮುಂದಿನ ವಾರ ಮತ್ತೆ ಮಾಡಿ ನೋಡಿದಾಗಲೂ ನಾಲ್ಕನೆಯದೇ ಸರಿ. ನನ್ನ ಥೀಸಿಸ್ ನಿಂತಿರುವುದು ಆ ಜೀನಿನ ಮೇಲೆ.

ನಿದ್ದೆಗಣ್ಣಿನಲ್ಲಿ ನಾನೇ ಬರೆದೆನೆ? ಡೈರಿಯಲ್ಲಿ "ಪ್ಲೇಟು ಸರಿ ಬಂತು" ಎಂದಷ್ಟೇ ಇದೆ. ವಾಸನೆಯನ್ನು ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಯಾವ ಮುಚ್ಚಳ ಎಲ್ಲಿಗೆ ಹೋಗಿದೆ ಎಂದು ನನಗೆ ಹೇಗೆ ಗೊತ್ತಿರಬೇಕು? ವಾಸಣ್ಣ ಆಗ ಎಲ್ಲಿದ್ದರು, ಇದ್ದರೋ ಇಲ್ಲವೋ... ನಾನು ವಿಚಾರಿಸಲೇ ಇಲ್ಲ.

ಬೆಳಿಗ್ಗೆ ಸರ್ ವೃತ್ತ ನೋಡಿ ಬೆನ್ನು ತಟ್ಟಿದರು. ಆ ವಾಸು ಹೋದದ್ದೇ ಒಳ್ಳೆಯದಾಯಿತು ನೋಡು, ಎಂದರು.

"ಹಾಂ ಸರ್" ಎಂದೆ.

ಅದನ್ನು ಹೇಳಿದ್ದು ಮಾತ್ರ ನಾನೇ. ಅದರಲ್ಲಿ ಸಂಶಯವಿಲ್ಲ.