ಅವ್ವ ಮುದುಕಿಯಾದ ಚಳಿಗಾಲ

ಐದನೇ ಇಯತ್ತೆಗೆ ಬರುವಷ್ಟರಲ್ಲಿ ನಾನು ಏಳು ಶಾಲೆ ಕಂಡಿದ್ದೆ. ಅವ್ವ ನಾಟಕ ಕಂಪನಿಯಲ್ಲಿ ನಾಯಕಿ ಪಾತ್ರ ಮಾಡುತ್ತಿದ್ದಳು. ಕಂಪನಿ ನಾಟಕಕ್ಕೆ ಜನ ಇನ್ನೂ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಕಾಲ. ಒಂದೂರಲ್ಲಿ ಮೂರೋ ನಾಲ್ಕೋ ತಿಂಗಳು ಕ್ಯಾಂಪು. ಮಂದಿ ಕಡಿಮೆಯಾದರೆ ತಗಡಿನ ಥೇಟರು ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರು. ಪುಸ್ತಕ ಅದೇ, ಮಾಸ್ತರರು ಬೇರೆ. ಅಪ್ಪ ನಾನು ನಡೆಯುವುದು ಕಲಿಯುವ ಮೊದಲೇ ತೀರಿಕೊಂಡಿದ್ದ.

ಆ ಚಳಿಗಾಲ ಹುಮನಾಬಾದಿನಲ್ಲಿದ್ದೆವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಒಂದು ಖೋಲಿ. ಪಕ್ಕದ ಮನೆಯ ನಸ್ರೀನ್ ನನ್ನದೇ ತರಗತಿ. ಸಂಜೆ ಅವರ ಕಟ್ಟೆಯ ಮೇಲೆ ಐದು ಹಳ್ಳು ಇಟ್ಟುಕೊಂಡು ಆಡುತ್ತ, ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ ಸುಲಿದು ತಿನ್ನುತ್ತಿದ್ದೆವು. ಕೈಗೆಲ್ಲ ಆ ಹಸಿರು ವಾಸನೆ. ಗೆಳತಿ ಅಂತ ನನಗೆ ಸಿಕ್ಕ ಮೊದಲನೆಯವಳು ಅವಳು.

ಸಂಕ್ರಾಂತಿ ಹೊತ್ತಿಗೆ ಕಂಪನಿಗೆ ಸರಿತಾ ಎಂಬ ಹೊಸ ಹುಡುಗಿ ಬಂದಳು. ಹತ್ತೊಂಬತ್ತು ವರ್ಷ. ಅವ್ವನಿಗೆ ಮೂವತ್ತನಾಲ್ಕು. ಒಂದು ಮಧ್ಯಾಹ್ನ ಕಂಪನಿ ಮಾಲಕರು ಖೋಲಿಗೆ ಬಂದು, ಚಹಾ ಕುಡಿದು, ನೆಲ ನೋಡುತ್ತ ಹೇಳಿದರು.

“ಹೊಸ ನಾಟಕದಾಗ ತಾಯಿ ಪಾತ್ರ ನೀವ ಮಾಡ್ರಿ. ಸರಿತಾ ನಿಮ್ಮ ಮಗಳಾಗ್ತಾಳ.”

“ಅದು ಅರವತ್ತರ ಮುದುಕಿ ಪಾತ್ರ ಅದರಿ.”

“ಹೌದ್ರಿ. ಬಣ್ಣ ಹಚ್ಚಿದ್ರ ಆತಲ್ರಿ.”

ಒಮ್ಮೆ ಮುದುಕಿಯಾಗಿ ರಂಗದ ಮೇಲೆ ಬಂದವಳಿಗೆ ಮತ್ತೆ ನಾಯಕಿ ಪಾತ್ರ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು. ಅವ್ವ ಎರಡು ದಿನ ತಾಲೀಮಿಗೆ ಹೋಗಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ನಸ್ರೀನಳ ತಾಯಿ ಬಂದು ಕೂತು, “ನಾಟಕ ಬಿಡ್ರಿ ಅಕ್ಕಾ, ಇಲ್ಲೇ ಇರ್ರಿ. ಹೊಲಿಗಿ ನನ್ನೊಬ್ಬಾಕಿಗೆ ಆಗವಲ್ದು. ಪೋರಿನೂ ಒಂದ ಸಾಲ್ಯಾಗ ಕಲೀತದ” ಅಂದಳು. ಅವ್ವ ಎದ್ದು ಚಹಾಕ್ಕೆ ಇಟ್ಟಳು. ನಾನು ಮಾತ್ರ ಕಂಡ ಕಂಡ ದೇವರಿಗೆ ಕೈಮುಗಿದೆ, ಅವ್ವ ಆ ಪಾತ್ರ ಒಲ್ಲೆ ಅನ್ನಲಿ ಎಂದು.

ಮೂರನೇ ದಿನ ಬೆಳಿಗ್ಗೆ ಅವ್ವ ನನ್ನನ್ನು ಕರಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಬೇಮಳಖೇಡದಿಂದ ಮೊದಲ ಬಸ್ಸಿಗೆ ಕಡಲೆಸೊಪ್ಪು ತಂದು ಮಾರುವ ಮುದುಕಿಯೊಬ್ಬಳು ಅಲ್ಲಿ ಕೂಡುತ್ತಿದ್ದಳು. ಅವ್ವ ಅವಳ ಮಗ್ಗುಲಿಗೆ ಹೋಗಿ ಕೂತಳು. ಮರುದಿನವೂ ಕೂತಳು, ಅದರ ಮರುದಿನವೂ.

“ಏನೂ ತಗೊಳ್ಳಂಗಿಲ್ಲ, ದಿನಾ ಬಂದು ಕುಂದರ್ತಿ. ಯಾಕವ್ವಾ?” ಮುದುಕಿ ಕೇಳಿಯೇಬಿಟ್ಟಳು.

“ನಿಮ್ಮಂಗ ಏಳೋದು ಕಲಿಯಾಕತ್ತೇನ್ರಿ.”

ಮುದುಕಿ ಬಿದ್ದು ಬಿದ್ದು ನಕ್ಕಳು. “ಮುದುಕಿ ಆಗೋದೂ ಕಲೀಬೇಕೇನ? ಜರಾ ತಡಿ, ತಾನ ಬರ್ತದ.”

ಖೋಲಿಗೆ ಬಂದು ಅವ್ವ ಗೋಡೆಗೆ ಮುಖಮಾಡಿ ಕೂತು ಏಳುತ್ತಿದ್ದಳು, ಮತ್ತೆ ಕೂತು ಮತ್ತೆ ಏಳುತ್ತಿದ್ದಳು. “ಎಲ್ಲಾರೂ ಮುದುಕಿ ಅಂದ್ರ ನಡಾ ಬಗ್ಗಿಸ್ತಾರ. ಆಕಿ ಬಗ್ಗಂಗಿಲ್ಲ ನೋಡು. ನೆಟ್ಟಗ ನಿಂದ್ರಾಕ ನೋಡ್ತಾಳ, ಆಗಂಗಿಲ್ಲ. ಅಷ್ಟ.” ಅದನ್ನು ಅರ್ಧ ನನಗೆ ಹೇಳಿದಳು, ಅರ್ಧ ತನಗೆ. ಪಾತ್ರ ಒಪ್ಪಿಕೊಂಡಿದ್ದಾಳೆಂದು ನನಗೆ ಆಗ ತಿಳಿಯಿತು. ಅವತ್ತು ನಾನು ರೊಟ್ಟಿ ಮುಟ್ಟಲಿಲ್ಲ. ಯಾಕೆಂದು ಅವ್ವ ಕೇಳಲೂ ಇಲ್ಲ.

ಹೊಸ ನಾಟಕದ ಮೊದಲ ಆಟ ರವಿವಾರ ಮಧ್ಯಾಹ್ನ ಮೂರಕ್ಕೆ. ಅವ್ವ ನನ್ನನ್ನು ಕಟ್ಟಕಡೆಯ ಸಾಲಿನಲ್ಲಿ ಕೂಡಿಸಿದಳು. “ನನ್ನ ಮಾತು ಇಲ್ಲಿತನಕ ಬರ್ತದೇನ ನೋಡು. ಹ್ಯಾಂಗಿತ್ತು ಅಂತ ಆಮ್ಯಾಲ ಹೇಳು.”

ಪರದೆ ಎದ್ದಿತು. ಒಬ್ಬ ಮುದುಕಿ ಕೊಡ ಹೊತ್ತು ಬಂದಳು. ನಾನು ಅವ್ವ ಯಾವಾಗ ಬರುತ್ತಾಳೆಂದು ಕಾಯುತ್ತಲೇ ಇದ್ದೆ; ಮುದುಕಿ ಬಾಯಿ ಬಿಟ್ಟಾಗಲೇ ಗುರುತು ಸಿಕ್ಕಿದ್ದು. ಮಗಳನ್ನು ಗಂಡನ ಮನೆಗೆ ಕಳಿಸುವ ಪ್ರವೇಶದಲ್ಲಿ ಆಕೆ ಅಳಲಿಲ್ಲ. ಸರಿತಾಳ ತಲೆ ನೇವರಿಸಿ, “ಹೋಗಿ ಬಾ ನನ್ನ ಕೂಸ” ಅಂದು, ಬಾಗಿಲತನಕ ಹೋಗಲು ಏಳಹೋದಳು. ಅರ್ಧಕ್ಕೇ ನಿಂತಳು. ಅಷ್ಟರಲ್ಲಿ ಮಗಳು ಹೋಗಿಬಿಟ್ಟಿದ್ದಳು. ನನ್ನ ಮುಂದಿದ್ದ ಗಂಡಸು ರುಮಾಲಿನಿಂದ ಕಣ್ಣೊರೆಸಿಕೊಂಡ. ನಾನೂ ಅತ್ತೆ. ನಾಟಕಕ್ಕೋ, ಬೇರೊಬ್ಬಳನ್ನು ಕೂಸು ಅಂದದ್ದಕ್ಕೋ ಇವತ್ತಿಗೂ ಹೇಳಲಾರೆ.

ಆಟ ಮುಗಿದ ಮೇಲೆ ಒಳಗೆ ಹೋದೆ. ಅವ್ವ ಕನ್ನಡಿ ಮುಂದೆ ಕೂತು ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತಿದ್ದಳು.

“ಹ್ಯಾಂಗಿತ್ತು?”

“ಛಲೋ ಇರಲಿಲ್ಲ. ಮಂದಿ ನಕ್ಕರು.”

ಅವ್ವನ ಕೈ ನಿಂತಿತು. ಕನ್ನಡಿಯಲ್ಲೇ ನನ್ನನ್ನು ನೋಡಿದಳು. ನನ್ನ ಕಣ್ಣು ಅತ್ತು ಊದಿದ್ದವು.

“ಹಿಂದಿನ ಸಾಲಿಗೆ ಕೇಳಿಸ್ತಿತ್ತೇನ?”

“ಕೇಳಿಸ್ತಿತ್ತು.”

“ಅಷ್ಟ ಸಾಕು” ಅಂದು ಮತ್ತೆ ಬಣ್ಣ ಒರೆಸತೊಡಗಿದಳು.

ಬೇಸಿಗೆಗೆ ಮೊದಲೇ ಕಂಪನಿ ಬಸವಕಲ್ಯಾಣಕ್ಕೆ ಹೋಯಿತು. ಲಾರಿ ಹೊರಟಾಗ ನಸ್ರೀನ್ ಶಾಲೆಯಲ್ಲಿದ್ದಳು; ಹೇಳಿ ಬರಲಾಗಲಿಲ್ಲ. ಮುಂದಿನ ವರ್ಷ ಅವ್ವ ನನ್ನನ್ನು ಮಂಠಾಳದಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟಳು. ಹತ್ತನೇ ಇಯತ್ತೆಯವರೆಗೆ ಒಂದೇ ಶಾಲೆ. ಅವ್ವ ದಸರೆಗೆ, ಬೇಸಿಗೆಗೆ ನಾಲ್ಕು ದಿನ ಬರುತ್ತಿದ್ದಳು. ಸರಿತಾ ಎರಡೇ ವರ್ಷಕ್ಕೆ ಮದುವೆಯಾಗಿ ಹೋದಳು. ಆಮೇಲೆ ಬಂದ ನಾಯಕಿಯರಿಗೆಲ್ಲ ಅವ್ವನೇ ತಾಯಿ. ಕಂಪನಿ ಮುಚ್ಚುವತನಕ, ಹೆಚ್ಚುಕಡಿಮೆ ಇಪ್ಪತ್ತು ವರ್ಷ, ಆಕೆಗೆ ಕೆಲಸ ತಪ್ಪಲಿಲ್ಲ. ಈಗಲೂ ಧಾರಾವಾಹಿಗಳಿಗೆ ಕರೆಯುತ್ತಾರೆ, ಹೋಗುತ್ತಾಳೆ.

ಹುಮನಾಬಾದಿನಲ್ಲಿ ಥೇಟರಿದ್ದ ಜಾಗದಲ್ಲಿ ಈಗ ಅಂಗಡಿ ಸಾಲು. ಆ ನಾಟಕದ ಒಂದು ಫೋಟೋ ಇಲ್ಲ, ಒಂದು ಹ್ಯಾಂಡ್‌ಬಿಲ್ಲೂ ಉಳಿದಿಲ್ಲ. ಹೋದ ತಿಂಗಳು ಅವ್ವ ಬಸವಕಲ್ಯಾಣದ ನನ್ನ ಮನೆಗೆ ಬಂದಿದ್ದಾಗ ಹೇಳಿಯೇಬಿಟ್ಟೆ.

“ಅವ್ವಾ, ಅವತ್ತು ಹುಮನಾಬಾದದಾಗ ಮಂದಿ ನಕ್ಕಿರಲಿಲ್ಲ. ಅತ್ತಿದ್ರು. ನಾ ಸುಳ್ಳ ಹೇಳಿದ್ದೆ.”

ಅವ್ವ ಚಹಾ ಬಸಿಗೆ ಸುರಿದುಕೊಂಡು ಊದಿದಳು. “ಯಾವ ನಾಟಕದಾಗ?”

ಸರಿತಾ, ಮಗಳನ್ನು ಕಳಿಸುವ ಪ್ರವೇಶ, ಎಲ್ಲ ಬಿಡಿಸಿ ಹೇಳಿದೆ. ಅವ್ವ ಬಸಿ ಕೆಳಗಿಟ್ಟಳು.

“ಭಾಳ ಮಂದಿಗಿ ತಾಯಿ ಆಗೀನವ್ವಾ. ನೆನಪಾಗವಲ್ದು. ಹೆಸರೇನಿತ್ತು ಆ ನಾಟಕದ್ದು?”

ಹೇಳೋಣವೆಂದರೆ ನನಗೂ ನೆನಪಾಗಲಿಲ್ಲ.