ಖಾಲಿ ಬಾಟಲಿಯ ಸಾಕ್ಷಿ

ವಿಮೆ ಕಂಪನಿಗೆ ಬರುವ ಔಷಧದ ಬಿಲ್ಲು ತಪಾಸು ಮಾಡುವುದು ಆಗ ನನ್ನ ಕೆಲಸ. ಮಣ್ಣೂರಿನ ಗುಮಾಸ್ತನೊಬ್ಬ ತಾಯಿಯ ಕೆಮ್ಮಿಗೆಂದು ತಿಂಗಳಿಗೊಂದು ಡಜನ್ ಬಾಟಲಿ ಕೊಡೀನ್ ಔಷಧದ ಬಿಲ್ಲು ಕಳಿಸುತ್ತಿದ್ದ. ಅಂಗಡಿ ಅಫಜಲಪುರದ್ದು. ಕೊಡೀನ್ ಅಫೀಮಿನ ಬಳಗದ್ದು, ಹೆಚ್ಚು ಕುಡಿದರೆ ನಶೆ. ಕಾಗದಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಅದಕ್ಕೇ ಅನುಮಾನ ಬಂತು.

ಅವನ ಮನೆಗೆ ಹೋದಾಗ ತಾಯಿಯೊಬ್ಬಳೇ ಇದ್ದಳು. ಆ ಕಡೆ ಔಷಧದ ಖಾಲಿ ಬಾಟಲಿ ಯಾರೂ ಎಸೆಯುವುದಿಲ್ಲ. ಮುಚ್ಚಳಕ್ಕೆ ತೂತು ಹೊಡೆದು, ಬತ್ತಿ ಇಳಿಸಿ ಚಿಮಣಿ ದೀಪ ಮಾಡುತ್ತಾರೆ. ಹಗಲಲ್ಲೂ ಕತ್ತಲಿದ್ದ ಆ ಅಡುಗೆಮನೆಯಲ್ಲಿ ಉರಿಯುತ್ತಿದ್ದದ್ದು ಶಾಯಿಯ ದೌತಿಯಿಂದ ಮಾಡಿದ ಚಿಮಣಿ.

"ಔಷಧದ ಬಾಟ್ಲಿ ಇಲ್ಲೇನಬೇ?" ಎಂದೆ.

"ಎಲ್ಲಿ ಬರ್ಬೇಕ್ರಿ ಬಾಟ್ಲಿ? ಬಾಜೂ ಮನ್ಯಾಗ ಕೇಳಿ ಕೇಳಿ ಸಾಕಾಗ್ಯದ. ನನಗ ಕೆಮ್ಮೂ ಇಲ್ಲ, ದಮ್ಮೂ ಇಲ್ಲ."

ಆಗಷ್ಟೇ ಬಾಗಿಲಿಗೆ ಬಂದ ಮಗ ಅದನ್ನು ಕೇಳಿ ಹೊಸ್ತಿಲ ಮೇಲೆ ಕೂತ. "ಅಂಗಡ್ಯಾಗೇ ಕುಡದು ಬರ್ತಿದ್ದೆ ಸಾಹೇಬ್ರ. ಬಿಡಾಕ ಆಗವಲ್ದು."

ಅಂಗಡಿಯ ವಿರುದ್ಧ ಅವನೇ ಹೇಳಿಕೆ ಬರೆದುಕೊಟ್ಟ. ಅದರಿಂದ ಅವನ ನೌಕರಿ ಉಳಿಯಿತು, ಅಂಗಡಿಗೆ ಬೀಗ ಬಿತ್ತು. ಚಟ ಬಿಡಿಸಿಕೊಳ್ಳಲು ಅವನು ಗುಲಬರ್ಗಾದ ಆಸ್ಪತ್ರೆ ಸೇರಿದ.

ವರ್ಷದ ಮೇಲೆ ಅವನದೇ ಇನ್ನೊಂದು ಬಿಲ್ಲು ಬಂತು. ತಾಯಿಯ ಹೆಸರಿಗೆ ಕೆಮ್ಮಿನ ಔಷಧ, ಒಂದೇ ಬಾಟಲಿ. ಬೈದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಮುದುಕಿ ಖರೇನೇ ಕೆಮ್ಮುತ್ತಿದ್ದಳು. ಮೈ ತುಂಬಿಕೊಂಡಿದ್ದ ಮಗ ಬಿಸಿನೀರು ಕುಡಿಸುತ್ತಿದ್ದ. ಖಾಲಿ ಬಾಟಲಿ ಸಾಕ್ಷಿಗೆ ಬೇಕು ಎಂದೆ.

"ಬಿಲ್ ಒಯ್ರಿ, ದೀಪ ಕೊಡೂದಿಲ್ಲ" ಎಂದು ಅವಳು ಒಲೆಯ ಮೇಲಿನ ಗೂಡಿನತ್ತ ಕೈ ತೋರಿಸಿದಳು.

ವರದಿಯಲ್ಲಿ ಬರೆದೆ: ಬಾಟಲಿ ಕಣ್ಣಾರೆ ನೋಡಿದ್ದೇನೆ, ಉರಿಯುತ್ತಿದೆ.